ಪುಟ್ಟ ನಾಗತಿ ಅಳಬಾರದು

"ಕೇಳ್ರಪ್ಪೋ ಕೇಳ್ರಿ! ಮೊಸಳೆಕೋಟೆಯ ಮಹಾಪ್ರಭು ಧೂಳಪ್ಪನಾಯಕರ ಒಬ್ಬಳೇ ಮಗಳು, ಪುಟ್ಟ ನಾಗತಿ ಹೊನ್ನಾಜಿಯವರಿಗೆ ನಾಳೆ ಏಳು ವರ್ಷ ತುಂಬುತ್ತದೆ. ಜಾದೂಗಾರರು ಬಂದು ಆಟ ತೋರಿಸಬೇಕು. ಆಟ ಮುಗಿದ ಮೇಲೆ ಪುಟ್ಟ ನಾಗತಿ ಒಬ್ಬೊಬ್ಬರಿಗೆ ಒಂದೊಂದು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಭೂಮಿ, ಕುದುರೆ, ಚಿನ್ನದ ಕಡಗ. ಬಿಡಿಸದವನಿಗೆ ತಲೆದಂಡ. ಹುಟ್ಟುಹಬ್ಬದ ದಿನ ಪುಟ್ಟ ನಾಗತಿಯ ಕಣ್ಣಲ್ಲಿ ನೀರು ತರಿಸಿದವನಿಗೂ ತಲೆದಂಡ!"

ಕುದುರೆ, ಕಡಗ ಎನ್ನುವಾಗ ಬಿಡಿಸಿ ಬಿಡಿಸಿ ಹೇಳಿದ ಡಂಗುರದವನು ತಲೆದಂಡದ ಹೊತ್ತಿಗೆ ಸರಿಯಾಗಿ ಡಂಗುರವನ್ನೇ ಜೋರಾಗಿ ಬಡಿದುಬಿಟ್ಟ. ಹೀಗಾಗಿ ಕೊಟ್ರ ಕುದುರೆಯ ಆಸೆಗೆ ಮರುದಿನ ಬೆಳಿಗ್ಗೆ ಕೋಟೆಯೊಳಗೆ ಕಾಲಿಟ್ಟ. ಕುಂಬಾರರ ಮನೆ, ನೇಕಾರರ ಮನೆ ಅಂತ ಹುಟ್ಟುಹಬ್ಬ ಇದ್ದಲ್ಲೆಲ್ಲ ಹೋಗಿ, ಮಕ್ಕಳೆದುರು ನಿಂಬೆಹಣ್ಣು ಮಾಯ ಮಾಡಿ, ಕೊಟ್ಟ ಪಾಯಸ ಕುಡಿದು ಬದುಕುವ ಹುಡುಗ ಅವನು. ಒಳಗೆ ಬಂದಾಗ ಹಿಂದೆ ಬಾಗಿಲಿಗೆ ಅಗುಳಿ ಬಿತ್ತು. ಮುಂದೆ, ತಲೆ ಹೊಡೆಯುವ ಬೋರ ಮೂಲೆಯಲ್ಲಿ ಕೂತು ಲಾಡು ತಿನ್ನುತ್ತಿದ್ದ.

"ನೀನು ಎಷ್ಟನೆಯವನಪ್ಪಾ?" ಎಂದ ಬೋರ.

"ಮೂರನೆಯವನು."

"ಹಾಗಾದರೆ ಇನ್ನೂ ಹೊತ್ತಿದೆ. ಕೂತ್ಕೋ, ಲಾಡು ತಿನ್ನು."

ಮೊದಲನೆಯವನು ಪಂಡಿತ ಮಾಯಾಧರ. ರೇಷ್ಮೆ ರುಮಾಲು ಸುತ್ತಿಕೊಂಡು, ತೋಳಿನಿಂದ ಏಳು ಪಾರಿವಾಳ ಹಾರಿಸಿದ. ಪುಟ್ಟ ನಾಗತಿ ಆಕಳಿಸಿದಳು. ಆಮೇಲೆ ಸಿಂಹಾಸನದ ತುದಿಗೆ ಜಾರಿ ಕೂತು ಕೇಳಿದಳು: "ಬಚ್ಚಿಟ್ಟಿರೋ ತನಕ ಎಲ್ಲರಿಗೂ ಬೇಕು. ಬಿಚ್ಚಿ ತೋರಿಸಿದರೆ 'ಇಷ್ಟೇನಾ' ಅಂತ ಎದ್ದು ಹೋಗ್ತಾರೆ. ಏನದು?"

ಪಂಡಿತ ಗಡ್ಡ ನೀವಿಕೊಂಡ. "ಚಿಪ್ಪಿನೊಳಗಿನ ಮುತ್ತು, ತಾಯೀ!"

"ತಪ್ಪು! ತಪ್ಪು!" ಎಂದು ಅವಳು ಚಪ್ಪಾಳೆ ತಟ್ಟಿದಳು. ಬೋರ ಕೈ ಒರೆಸಿಕೊಂಡು ಎದ್ದು ಪಂಡಿತನನ್ನು ಕಂಬಕ್ಕೆ ಕಟ್ಟಿದ. ತಲೆ ಹೊಡೆಯುವುದು ಊಟವಾದ ಮೇಲೆ ಎಂದು ತೀರ್ಮಾನವಾಗಿತ್ತು, ಶುಭದಿನ ನೋಡಿ.

ಎರಡನೆಯವನು ಸಿಂಗಾರಶೆಟ್ಟಿ. ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು.

"ವರ್ಷಕ್ಕೊಂದೇ ಸಲ ಬರುತ್ತೆ," ಎಂದಳು ಹೊನ್ನಾಜಿ. "ಬಂದಾಗ ಊರಿಗೆಲ್ಲ ಊಟ ಹಾಕಿಸುತ್ತೆ. ಹೋಗ್ತಾ ನನ್ನ ಹಳೇ ಲಂಗಾನೆಲ್ಲ ಗಿಡ್ಡ ಮಾಡಿ..."

"ಹುಟ್ಟುಹಬ್ಬ!" ಎಂದ ಶೆಟ್ಟಿ. "ಇದೂ ಒಂದು ಒಗಟೇನು ಮಗೂ? ನಮ್ಮನೆ ತೊಟ್ಟಿಲ ಕೂಸೂ ಹೇಳುತ್ತೆ."

ಉತ್ತರ ಸರಿಯಿತ್ತು. ಪುಟ್ಟ ನಾಗತಿಯ ಕೆಳದುಟಿ ಮೊದಲು ಹೊರಬಂತು, ಆಮೇಲೆ ನಡುಗಿತು, ಆಮೇಲೆ ಕೋಟೆಯ ಗೋಡೆಗಳು ಅದುರುವ ಹಾಗೆ ಅಳು ಎದ್ದಿತು. ಎರಡನೇ ಕಂಬವೂ ತುಂಬಿತು.

ಕೊಟ್ರನಿಗೆ ಆಗ ಪೂರ್ತಿ ಅರ್ಥವಾಯಿತು. ತಪ್ಪು ಹೇಳಿದರೆ ಒಂದನೇ ಕಂಬ, ಸರಿ ಹೇಳಿದರೆ ಎರಡನೇ ಕಂಬ. ಬಾಗಿಲಿಗೆ ಅಗುಳಿ. ತಿನ್ನುತ್ತಿದ್ದ ಲಾಡನ್ನು ಕೆಳಗಿಟ್ಟು ಎದ್ದ. ಅಂಗಳದ ಎಳೆಬಿಸಿಲು ಬೆನ್ನಿಗೆ ಬೀಳುವಂತೆ ನಿಂತು, ನಿಂಬೆಹಣ್ಣಿನ ಆಟವನ್ನು ಹೇಗೋ ಮುಗಿಸಿದ.

ಹೊನ್ನಾಜಿ ಮೂಗು ಒರೆಸಿಕೊಂಡು ಕೇಳಿದಳು: "ನಾನು ಕೂತರೆ ಅದೂ ಕೂರುತ್ತೆ, ಓಡಿದರೆ ಓಡುತ್ತೆ. ನಡುಮಧ್ಯಾಹ್ನ ಮಾತ್ರ ನನ್ನ ಕಾಲ ಕೆಳಗೆ ಬಚ್ಚಿಟ್ಕೊಳ್ಳುತ್ತೆ. ಹೇಳು!"

ಇಡೀ ಸಭೆಗೆ ಗೊತ್ತಾಯಿತು. ಬೋರನಿಗೂ ಗೊತ್ತಾಗಿ ಅವನು ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದ. ಒಗಟು ಕಷ್ಟದ್ದಾಗಿದ್ದರೆ ಗೊತ್ತಿಲ್ಲದೆ ಸತ್ತೆ ಎಂಬ ಸಮಾಧಾನವಾದರೂ ಇರುತ್ತಿತ್ತು. ಇದು ಸುಲಭದ್ದು, ಅದೇ ಗ್ರಹಚಾರ.

ಕೊಟ್ರ ನಾಯಕರ ಬಳಿ ಹೋಗಿ ಬಗ್ಗಿದ. "ಬುದ್ಧೀ, ಕಿವಿ ಕೊಡಿ." ಕಿವಿಯಲ್ಲಿ ಉತ್ತರದ ಒಂದೇ ಮಾತು ಉಸುರಿದ. ನಾಯಕರು ಸರಿ ಎಂಬಂತೆ ತಲೆಯಾಡಿಸಿದರು. "ಇನ್ನು ಏನೇ ಆದರೂ ತಾವು ಬಾಯಿ ಬಿಡಬಾರದು," ಎಂದ ಕೊಟ್ರ.

ಆಮೇಲೆ ಅವನು ಅಂಗಳದ ನಡುವೆ ಬಂದು ನಿಂತು, ಹುಟ್ಟುಹಬ್ಬದ ಮನೆಗಳಲ್ಲಿ ದಿನಾ ಮಾಡುವುದನ್ನೇ ಮಾಡಿದ. ಮಕ್ಕಳೆದುರು ಜಾದೂಗಾರ ಕಡೆಯ ಆಟದಲ್ಲಿ ಪೆದ್ದನಾಗಲೇಬೇಕು, ಅದು ಆ ಕಸುಬಿನ ಕಟ್ಟಳೆ.

"ಅಮ್ಮಣ್ಣೀ, ಅದು ಬೆಕ್ಕಾ?"

"ಅಲ್ಲ!"

"ಹಾಗಾದರೆ... ನಿಮ್ಮ ದಾದಿ?"

ಹೊನ್ನಾಜಿ ಕಿಸಕ್ಕೆಂದಳು. "ದಾದಿ ನನ್ನ ಕಾಲ ಕೆಳಗೆ ಹಿಡೀತಾಳಾ? ನಿನಗೂ ಒಂದಿದೆ ಕಣೋ, ಪೆದ್ದ!"

"ನನಗಾ? ಎಲ್ಲಿ?" ಕೊಟ್ರ ಗರಗರ ತಿರುಗಿದ. ಕಪ್ಪಗೆ ಉದ್ದಕ್ಕೆ ಬಿದ್ದಿದ್ದ ಅದರ ಮೇಲೇ ಕಾಲಿಟ್ಟು ನಿಂತು, ಮೇಲೆ ಆಕಾಶ ನೋಡಿದ. "ಇಲ್ಲವಲ್ಲ!"

"ಕೆಳಗೆ! ಕೆಳಗೆ ನೋಡು!"

ಅವನು ಬಗ್ಗಿ ತನ್ನ ಅಂಗಿಯೊಳಗೆ ಇಣುಕಿದ. ಇನ್ನು ತಡೆಯಲಾರದೆ ಅವಳು ಸಿಂಹಾಸನದಿಂದ ಧುಮುಕಿದಳು. "ನೆರಳು! ನೆರಳು! ನೆರಳು ಕಣೋ! ನೀನು ಸೋತೆ!"

"ಸೋತೆ, ಅಮ್ಮಣ್ಣೀ."

ಸಭೆ ಉಸಿರು ಬಿಟ್ಟಿತು. ಅಷ್ಟರಲ್ಲಿ ಪುಟ್ಟ ನಾಗತಿ ತಂದೆಯ ಕಡೆ ತಿರುಗಿದಳು. "ಸೋತವರ ತಲೆ ತೆಗೀಬೇಕಲ್ವಾ ಅಪ್ಪಾಜೀ?"

ಬೋರ ಎದ್ದ. ನಾಯಕರ ಮೀಸೆ ನಡುಗಿತು. ಹುಡುಗ ಗೆದ್ದಿದ್ದಾನೆಂದರೆ ಮಗಳು ಅಳುತ್ತಾಳೆ. ಸುಮ್ಮನಿದ್ದರೆ ನ್ಯಾಯ ಅಳುತ್ತದೆ. ಪ್ರಭುಗಳು ಬದುಕಿನಲ್ಲಿ ಮೊದಲ ಸಲ ತಮ್ಮದೇ ಡಂಗುರಕ್ಕೆ ಸಿಕ್ಕಿಬಿದ್ದಿದ್ದರು.

ಕೊಟ್ರ ಕತ್ತು ಬಗ್ಗಿಸಿದ. ಆದರೆ ಕಣ್ಣು ಮಗುವಿನ ಮುಖದ ಮೇಲೇ ಇತ್ತು. ಎಷ್ಟೋ ಮನೆಗಳಲ್ಲಿ ಕಂಡ ಮುಖವೇ: ಉಬ್ಬಿದ ಕೆನ್ನೆ, ಆಟ ಇನ್ನೂ ಸಾಲದೆಂಬ ಕಣ್ಣು.

"ತೆಗೆಸಿ ಅಮ್ಮಣ್ಣೀ," ಎಂದ ಮೆತ್ತಗೆ. "ಅಲ್ಲಿಗೆ ಆಟ ಮುಗೀತು."

"ಮುಗೀತಾ?" ಹೊನ್ನಾಜಿಯ ಹುಬ್ಬು ಗಂಟಾಯಿತು. "ತಲೆ ತೆಗೆದರೆ ಇವನು ಮತ್ತೆ ಹೇಗೆ ಸೋಲ್ತಾನೆ? ಬೇಡ! ಏ ಬೋರಾ, ಕೂತ್ಕೋ."

ಬೋರ ನೆಮ್ಮದಿಯಿಂದ ಲಾಡಿನ ಕಡೆ ಹೋದ. ಪುಟ್ಟ ನಾಗತಿ ಕಂಬಗಳ ಹತ್ತಿರ ನಡೆದಳು. "ಪಂಡಿತರೇ, ನಿಮ್ಮ ಒಗಟಿನ ಉತ್ತರ ಜಾದೂ ಗುಟ್ಟು. ದಿನಾ ನಿಮ್ಮ ತೋಳಲ್ಲೇ ಇಟ್ಕೊಂಡು ತಿರುಗ್ತೀರಿ, ಗೊತ್ತಾಗಲಿಲ್ವಾ? ಶೆಟ್ಟರೇ, ನಿಮಗೆ ಉತ್ತರ ಬರುತ್ತೆ, ಆಟ ಬರಲ್ಲ. ಇಬ್ಬರೂ ಹೋಗಿ."

ನಾಯಕರು ತಮ್ಮ ಕೈಯ ಕಡಗವನ್ನೇ ಬಿಚ್ಚಿ ಕೊಟ್ರನಿಗೆ ತೊಡಿಸಿದರು. ಸೋತವನಿಗೆ ಯಾಕೆ ಎಂದು ಮಗಳು ಕೇಳಿದಾಗ "ಪಾಪ, ಸಮಾಧಾನಕ್ಕೆ" ಎಂದರು. ಭೂಮಿ ಬರೆಸಿಕೊಟ್ಟರು, ಕುದುರೆಗೆ ಜೀನು ಹಾಕಿಸಿದರು, ಕೋಟೆಯ ಬಾಗಿಲು ತೆಗೆಸಿದರು.

ಎಲ್ಲರೂ ಹೊರಟರು. ಕೊಟ್ರನಿಗೆ ಮಾತ್ರ ಹೊರಡಲಾಗಲಿಲ್ಲ. ಅವನ ಅಂಗಿಯ ತುದಿ ಪುಟ್ಟ ನಾಗತಿಯ ಮುಷ್ಟಿಯಲ್ಲಿತ್ತು, ಆಗಲೇ ಹದಿನೇಳನೇ ಸಲ ಸೋಲುತ್ತಿದ್ದ.