ಆರು ಚೂರು ಕೇಳಿದ ದ್ಯಾವಪ್ಪ

"ಕೇಳಿರಪ್ಪೋ ಕೇಳಿ! ದೊರೆಯ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿದೆ. ರಾಜಕುಮಾರಿ ಚಂದಲಾದೇವಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ ಬಹುಮಾನ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ದ್ಯಾವಪ್ಪನ ಮೈ ಉರಿಯಿತು. ರೋಗಿಗಳ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಮಸೂರದಡಿ ಇಡುವುದು ಅವನ ಕೆಲಸ. ಆಸ್ಥಾನ ವೈದ್ಯರದು ಆನೆ ನಡೆದದ್ದೇ ದಾರಿ. ಒಬ್ಬ ರೋಗಿಯಿಂದ ಒಂದೇ ಚೂರು ಕಳಿಸುವರು. "ಇನ್ನೂ ಐದು ಬೇಕು ಬುದ್ಧೀ" ಎಂದರೆ, "ನೀನು ಕೊಯ್ಯೋನು, ಬಾಯಿ ಮುಚ್ಕೊಂಡು ಕೊಯ್ಯಿ" ಎನ್ನುವರು. ಹೋದ ವರ್ಷ ಅವನ ಅವ್ವ ಇದೇ ರೋಗದಲ್ಲಿ ಸತ್ತಳು.

ಓಲಗದಲ್ಲಿ ರಾಜಕುಮಾರಿ ಕೇಳಿದಳು: "ಊರಿನ ಅನ್ನ ತಿಂದು, ಸಾಯುವುದನ್ನೇ ಮರೆತು, ಊರನ್ನೇ ಕೊಲ್ಲುವವನು ಯಾರು?"

"ರಾಕ್ಷಸ," ಎಂದ ಹಿರಿಯ ವೈದ್ಯ ಮಾರ್ತಾಂಡ. ಭಟರು ಅವನನ್ನು ಸೆರೆಗೆ ಎಳೆದರು.

"ಎರಡು ಓಲೆ, ಎರಡೂ ಒಳ್ಳೆಯವು. ಹರಿದು, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿದಾಗ ಅರಮನೆ ಉರಿಯಿತು. ಏನದು?"

"ಶತ್ರುವಿನ ಕಪಟಪತ್ರ," ಎಂದ ಕಿರಿಯ ವೈದ್ಯ. ಅವನನ್ನೂ ಎಳೆದರು.

"ಬಾಗಿಲಲ್ಲಿ ಬಾವುಟವಿತ್ತು. ನೋಡಿ ಬಂದವನು ಇಲ್ಲವೆಂದ. ಅವನು ಕುರುಡನಲ್ಲ, ಸುಳ್ಳನೂ ಅಲ್ಲ. ಹೇಗೆ?"

ಬೆರಳಿನ ನೇರಳೆ ಕಲೆ ಒರೆಸಿಕೊಳ್ಳುತ್ತಾ ದ್ಯಾವಪ್ಪ ಮುಂದೆ ಬಂದ.

"ಮೊದಲನೇದು ಕ್ಯಾನ್ಸರ್ ಜೀವಕೋಶ, ಅಮ್ಮಣ್ಣೀ. ಎರಡನೇದು, ಕೋಶಕ್ಕೆ ಅಪ್ಪಣೆ ಬರೆದಿಟ್ಟಿರೋ ಎರಡು ಜೀನು ಮುರಿದು ಅರ್ಧಕ್ಕರ್ಧ ಬೆಸೆದುಕೊಳ್ಳೋದು. ಆಗ ಕೋಶಕ್ಕೆ ಕೆಟ್ಟ ಅಪ್ಪಣೆ ಹೋಗುತ್ತೆ. ಮೂರನೇದರ ಬಾವುಟ ಅಂದ್ರೆ ಕೋಶದ ಮೈಮೇಲಿನ ಗುರುತು. ಯಾವ ಮದ್ದು ನಾಟುತ್ತೆ ಅಂತ ಅದೇ ಹೇಳೋದು. ಹೊಟ್ಟೆಯ ಗಡ್ಡೆಯಲ್ಲಿ ಅದು ಒಂದು ಮೂಲೇಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಒಂದೇ ಬಾಗಿಲು ನೋಡಿದವನು ಇಲ್ಲ ಅನ್ನದೆ ಇನ್ನೇನಂತಾನೆ? ನಮ್ಮವ್ವನ ಗುರುತೂ ಹಿಂಗೇ ತಪ್ಪೋಯ್ತು. ಸತ್ತ ಮೇಲೆ ಇನ್ನೊಂದು ಮೂಲೆ ಕೊಯ್ದು ನೋಡ್ದೆ. ಇತ್ತು! ವೈದ್ಯರಿಗೆ ಎಲ್ಲಾ ಚೀಟೀಲಿ ಬರೆದೆ."

ರಾಜಕುಮಾರಿ ಮುದುಡಿದ ಚೀಟಿಯೊಂದನ್ನು ತೆಗೆದಳು. "ಅವರ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಇದನ್ನು ಬರೆದವನನ್ನು ಹುಡುಕಲೆಂದೇ ಒಗಟು ಕಟ್ಟಿದೆ."

ದೊರೆಯ ಗಡ್ಡೆಯಿಂದ ಆರು ಚೂರು ಬಂದವು. ಐದನೆಯದರಲ್ಲಿ ಗುರುತು ಕಂಡಿತು. ಅದಕ್ಕೆ ತಕ್ಕ ಮದ್ದು ಕೊಟ್ಟ ಮೇಲೆ ದೊರೆ ಗಂಜಿ ಬಿಟ್ಟು ಮುದ್ದೆ ಕೇಳಿದ. ಅಂದು ವೈದ್ಯರ ತಲೆಗೆ ಕತ್ತಿ ಮಸೆದರು.

"ಬಹುಮಾನ ಕೇಳು," ಎಂದಳು ರಾಜಕುಮಾರಿ.

"ಅವರ ತಲೆ ತೆಗೀಬೇಡಿ. ನನ್ನ ಸಿಟ್ಟು ಅಷ್ಟಕ್ಕೆ ತೀರೋದಲ್ಲ. ನನ್ನ ಪಕ್ಕ ಕೂರಿಸಿ. ದೊರೆಯಾಗಲಿ ಕೂಲಿಯಾಗಲಿ, ಆರಾರು ಚೂರನ್ನೂ ಅವರೇ ನೋಡಲಿ. ಮೊದಲು ನಾನು ಮೇಣದಲ್ಲಿ ಇಟ್ಟಿರೋ ನಮ್ಮವ್ವಂದು."

ಮರುದಿನ ಮಾರ್ತಾಂಡ ಮಸೂರಕ್ಕೆ ಕಣ್ಣಿಟ್ಟ.

"ಇದೆ," ಎಂದ.

ದ್ಯಾವಪ್ಪ ಮುಂದಿನ ರೋಗಿಯ ಚೂರು ಕೊಯ್ಯಲು ಕೂತ.