ಬಾಮೈದನ ಹಗ್ಗ

"ಬುದ್ಧಿ, ತಪ್ಪು ಮಾಡಿದವನ ಕೂಗು ದೇವರಿಗೆ ಕೇಳುತ್ತದೆಯೇ?"

ಕೇಳಿದವನು ದುಂಡಯ್ಯ, ಮಠದ ಶಿಷ್ಯ. ಅವನ ಮಗಳು ಜ್ವರದಿಂದ ಮಲಗಿದ್ದಳು. ಕಣ್ಣು ತೆರೆದರೂ ಅವಳಿಗೆ ತಂದೆಯ ಗುರುತು ಸಿಕ್ಕುತ್ತಿರಲಿಲ್ಲ.

"ಮಗುವಿಗೆ ಮದ್ದು ಕೊಡಿಸಿದೆಯಾ?" ಎಂದು ಗುರುಗಳು ಕೇಳಿದರು.

"ಕೊಡಿಸಿದ್ದೇನೆ. ದೇವರ ಮುಂದೆಯೂ ಕೂತು ಅತ್ತೆ. ಆದರೆ ಹಿಂದೊಮ್ಮೆ ಅದೇ ದೇವರ ದೀಪ ಮುಟ್ಟಿ ಸುಳ್ಳು ಆಣೆ ಇಟ್ಟವನು ನಾನು. ಆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಳ್ಳುತ್ತಾನೇನೋ ಎಂದು ಹೆದರಿಕೆ. ಗುಡಿಯಿಂದ ಎದ್ದವನು ನೆಟ್ಟಗೆ ಮಂತ್ರವಾದಿಯ ಮನೆಗೆ ಹೋಗಿ ತಾಯತ ತಂದು ಕಟ್ಟಿದೆ."

"ಕಾಪಾಡು ಎಂದು ಬೇಡಿದ್ದು ಯಾರನ್ನು?"

"ದೇವರನ್ನು."

"ತಾಯತ ಕಟ್ಟಿದ್ದು ಯಾರಿಗೆ ಹೆದರಿ?"

"ಅದೇ ದೇವರಿಗೆ," ಎಂದ ದುಂಡಯ್ಯ.

"ಭಲೇ ಜಾಣ ನೀನು," ಎಂದರು ಗುರುಗಳು. ಅವರ ಮುಖದಲ್ಲಿ ನಗು ಇರಲಿಲ್ಲ. "ಮದ್ದಿನ ಮಾತು ಬೇರೆ, ಅದು ಮಾಡಲೇಬೇಕಾದ್ದು. ಉಳಿದದ್ದಕ್ಕೆ ಒಂದು ಕತೆ ಹೇಳುತ್ತೇನೆ, ಕೇಳು."

ಒಬ್ಬ ಜೇನು ಬಿಡಿಸುವವನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಹೊಟ್ಟೆಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿಯಬೇಕು. ಆ ಹಗ್ಗ ಹಿಡಿಯುವುದಕ್ಕೆ ಅವರಲ್ಲಿ ಒಂದು ಕಟ್ಟಳೆ ಇತ್ತು. ಅಣ್ಣತಮ್ಮಂದಿರು ಹಿಡಿಯುವಂತಿಲ್ಲ, ಗೆಳೆಯರು ಹಿಡಿಯುವಂತಿಲ್ಲ. ಇಳಿಯುವವನ ಹೆಂಡತಿಯ ತಮ್ಮನೇ ಹಿಡಿಯಬೇಕು. ದಾಯಾದಿ ಕೈ ಬಿಟ್ಟಾನು, ಗೆಳೆಯನೂ ಬಿಟ್ಟಾನು. ಒಡಹುಟ್ಟಿದವಳ ತಾಳಿ ಹೋಗಲಿ ಎಂದು ಯಾವ ತಮ್ಮನೂ ಕೈ ಬಿಡುವುದಿಲ್ಲ. ಹಿರಿಯರು ಯೋಚಿಸಿಯೇ ಹಾಗೆ ಮಾಡಿದ್ದರು.

ಈ ಮನುಷ್ಯ ಬಂಡೆಯ ಮೇಲೆ ಗಟ್ಟಿಗ, ಮನೆಯಲ್ಲಿ ಕೆಟ್ಟವನು. ಹೆಂಡತಿಯನ್ನು ಹೊಡೆಯುತ್ತಿದ್ದ. ಒಂದು ಸಲ ಉಣ್ಣಲು ಕೂತವಳನ್ನು ಎಬ್ಬಿಸಿ ಹೊರಗೆ ಹಾಕಿದ. ಅವಳು ತವರಿಗೆ ಹೋದಳು. ಕೆಲವು ದಿನ ಕಳೆದ ಮೇಲೆ ತಮ್ಮನೇ ಅವಳನ್ನು ಕರೆದುಕೊಂಡು ಬಂದ. ಬಾಗಿಲಲ್ಲಿ ನಿಂತು, "ಅಕ್ಕನ್ನ ಬುಟ್ಟು ಹೋಗ್ತೀನಿ ಭಾವ," ಎಂದಷ್ಟೇ ಹೇಳಿ ಹೊರಟುಹೋದ. ಬೈದಿದ್ದರೆ ಭಾವನಿಗೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. ಒಳಗೆ ಏನೋ ಇಟ್ಟುಕೊಂಡಿದ್ದಾನೆ ಎಂದು ಇವನಿಗೆ ಅನುಮಾನ ಹತ್ತಿತು.

ಜೇನಿನ ಕಾಲ ಬಂತು. ಜೇನು ಹೊರಲು ಊರಿನ ನಾಲ್ಕು ಜನರೂ ಬಂಡೆಗೆ ಬಂದರು. ಬಾಮೈದ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ, ತುದಿ ಹಿಡಿದು ಕೂತ.

"ನೋಡ್ಕಂಡು ಇಳಿ ಭಾವ," ಎಂದ. "ಇಲ್ಲಿಂದ ಬಿದ್ರೆ ಮೂಳೆನೂ ಸಿಕ್ಕಕಿಲ್ಲ."

ಪ್ರತಿ ವರ್ಷವೂ ಅವನು ಹೇಳುತ್ತಿದ್ದ ಮಾತು ಅದು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಆ ಮಾತು ಬೇರೆಯಾಗಿ ಕೇಳಿಸಿತು. ಇವತ್ತು ನನ್ನನ್ನು ಬಿಡುತ್ತಾನೆ, ಬಿಟ್ಟು ಹಗ್ಗ ಜಾರಿತು ಎನ್ನುತ್ತಾನೆ ಎಂದುಕೊಂಡ. ಮೊದಲೇ ಆ ಅನುಮಾನವಿತ್ತು. ಅದಕ್ಕೇ ಹೆಂಡತಿಯ ಹಳೆಯ ಸೀರೆಯೊಂದನ್ನು ಹುರಿ ಮಾಡಿ, ಯಾರಿಗೂ ಕಾಣದಂತೆ ಕಂಬಳಿಯೊಳಗೆ ಸುತ್ತಿಕೊಂಡು ಬಂದಿದ್ದ.

ಅವನು ಇಳಿದು ನಿಂತ ಜೇನುಹುಟ್ಟಿನ ಹತ್ತಿರ ಬಂಡೆ ಒಳಕ್ಕೆ ಬಾಗಿತ್ತು. ಅಲ್ಲಿ ಏನು ಮಾಡಿದರೂ ಮೇಲಿನವನಿಗೆ ಕಾಣುವುದಿಲ್ಲ. ಬಂಡೆಯ ಬಿರುಕಿನಿಂದ ಒಂದು ಬಸರಿ ಮರದ ಬೇರು ಹೊರಗೆ ಬಂದಿತ್ತು. ಅವನು ಸೀರೆಯ ಒಂದು ತುದಿಯನ್ನು ಬೇರಿಗೆ ಕಟ್ಟಿದ, ಇನ್ನೊಂದನ್ನು ಬೆನ್ನ ಹಿಂದೆ ತಂದು ಸೊಂಟಕ್ಕೆ ಬಿಗಿದ. ಮೇಲಿನವನು ಬಿಟ್ಟರೂ ಬೇರು ಬಿಡುವುದಿಲ್ಲ ಎಂದು ಧೈರ್ಯವಾಯಿತು. ಆಮೇಲೆ ಸೊಪ್ಪಿನ ಸೂಡಿಗೆ ಬೆಂಕಿ ಮುಟ್ಟಿಸಿ ಹೊಗೆ ಹಾಕಿದ.

ಗಾಳಿ ತಿರುಗಿತು. ಹೊಗೆ ಆಚೆ ಹೋಯಿತು. ಹುಟ್ಟಿಗೆ ಹುಟ್ಟೇ ಎದ್ದು ಅವನ ಮೇಲೆ ಬಂತು.

"ಎಳಿ," ಎಂದು ಕೂಗಿದ. "ತಪ್ಪಾಯ್ತು, ನಿನ್ ಕಾಲಿಗೆ ಬೀಳ್ತೀನಿ, ಎಳಿ ನನ್ನಪ್ಪ."

ಆ ಕೂಗಿನಲ್ಲಿ ಕಪಟವಿರಲಿಲ್ಲ. ಹುಟ್ಟಿದಾಗಿನಿಂದ ಅವನು ಯಾರನ್ನೂ ಹಾಗೆ ಕರೆದಿರಲಿಲ್ಲ. ಬಾಮೈದ ಎದ್ದು ನಿಂತು, ಮರಕ್ಕೆ ಕಾಲು ಕೊಟ್ಟು ಎಳೆದ. ಭಾವ ಒಂದು ಮೊಳ ಮೇಲೆ ಬಂದ. ಅಲ್ಲಿಗೆ ಸೀರೆ ಬಿಗಿದುಕೊಂಡಿತು. ಮೇಲಿನಿಂದ ಎಳೆದಷ್ಟೂ ಗಂಟು ಗಟ್ಟಿಯಾಯಿತು. ಕೊಯ್ಯೋಣವೆಂದು ಕುಡುಗೋಲು ತೆಗೆದ, ಅದು ಕೈತಪ್ಪಿ ಬಿತ್ತು. ಬಿಚ್ಚೋಣವೆಂದರೆ ಗಂಟು ಬೆನ್ನ ಹಿಂದೆ. ಬೆರಳುಗಳು ಆಗಲೇ ಊದಿದ್ದವು. ಕಟ್ಟಿಕೊಂಡಿದ್ದೇನೆ ಎಂದು ಹೇಳುವುದಕ್ಕೂ ಅವನಿಗೆ ನಾಚಿಕೆಯಾಯಿತು. ಎಳಿ, ಎಳಿ ಎಂದೇ ಕೂಗಿದ.

ಭಾವನ ಕಾಲು ಬಿರುಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಬಾಮೈದ ತಿಳಿದ. ಜೇನು ಮೇಲಕ್ಕೂ ಬಂತು. ಜೊತೆಗಿದ್ದವರು ಕಂಬಳಿ ಹೊದ್ದು ಓಡಿದರು, ಓಡುತ್ತಲೇ ಅವನನ್ನೂ ಕರೆದರು. ಅವನು ಹೋಗಲಿಲ್ಲ. ಮುಖದ ತುಂಬ ಜೇನು ಕೂತಿತು, ಕಣ್ಣು ಮುಚ್ಚಿಹೋಯಿತು. ಅಂಗೈಯ ಚರ್ಮ ಸುಲಿದು ಹಗ್ಗಕ್ಕೆ ಅಂಟಿತು. ಕೆಳಗಿನ ಕೂಗು ನಿಂತ ಮೇಲೂ ಅವನು ಎಳೆಯುವುದನ್ನು ನಿಲ್ಲಿಸಲಿಲ್ಲ.

ಜೇನು ತಣ್ಣಗಾದ ಮೇಲೆ ಜನ ಹಿಂತಿರುಗಿದರು. ಒಬ್ಬ ಇಳಿದು ಸೀರೆಯನ್ನು ಕೊಯ್ದ. ಹೆಣ ಸಲೀಸಾಗಿ ಮೇಲೆ ಬಂತು. ಬಾಮೈದನಿಗೆ ಕಣ್ಣು ಕಾಣುತ್ತಿರಲಿಲ್ಲ. ಸುಲಿದ ಕೈಯಲ್ಲೇ ಭಾವನ ಮುಖ ಸವರಿದ, ಎದೆ ಸವರಿದ, ಸೊಂಟಕ್ಕೆ ಬಂದಾಗ ಕೈ ನಿಂತಿತು.

"ಇದೇನಿದು ಬಟ್ಟೆ?" ಎಂದು ಕೇಳಿದ.

"ನಿಮ್ಮಕ್ಕನ ಸೀರೆ ಕಣಪ್ಪ," ಎಂದ ಇಳಿದಿದ್ದವನು. "ಬೇರಿಗೆ ಕಟ್ಕಂಡಿದ್ದ."

ಬಾಮೈದ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತ. ತಮ್ಮ ಕೈ ಬಿಡಲಿಲ್ಲ, ಆದರೂ ಅಕ್ಕನ ತಾಳಿ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ದುಂಡಯ್ಯನಿಗೆ ಸತ್ತವನ ಮೇಲೆ ಮರುಕ ಬಂದಿತ್ತು, ದೇವರ ಮೇಲೆ ಸಿಟ್ಟೂ ಬಂದಿತ್ತು.

"ಕೆಟ್ಟವನೇ ಇರಬಹುದು ಬುದ್ಧಿ," ಎಂದ. "ಆದರೆ ಕೊನೆಯಲ್ಲಿ ಅಷ್ಟು ಕೂಗಿದನಲ್ಲ. ದೇವರು ಒಂದು ಕೈ ಕೊಡಬಾರದಿತ್ತೇ?"

ಗುರುಗಳೆಂದರು: "ಅಂಗೈ ಸುಲಿದುಕೊಂಡು ಎಳೆಯುತ್ತಿದ್ದವನು ಮತ್ತಾರು ಎಂದುಕೊಂಡೆ?"