ಕನ್ನಡಿ ಮೆಚ್ಚದ ಪ್ಯಾಂಟು

ಬೆಟ್ಟದ ದಾರಿಯಲ್ಲಿ ಸೈಕಲ್ ತುಳಿಯುವ ನಾಚಪ್ಪನ ಕೋಣೆಯ ಗೂಟದಲ್ಲಿ ಎರಡು ಉದ್ದ ಪ್ಯಾಂಟುಗಳಿದ್ದವು. ಒಂದು ಮೈಗಂಟುವ ನುಣುಪಿನದು. ಇನ್ನೊಂದು ದಪ್ಪ ಬಟ್ಟೆಯದು, ಮಂಡಿಯ ಹತ್ತಿರ ಸಡಿಲ.

“ನುಣುಪಿನದನ್ನೇ ತೊಡು. ನಿಂತರೆ ಒಂದು ಸುಕ್ಕೂ ಕಾಣುವುದಿಲ್ಲ,” ಎಂದಿತು ಕನ್ನಡಿ.

“ನೀನು ಅವನು ನಿಂತದ್ದನ್ನಷ್ಟೇ ನೋಡಿದ್ದೀಯೆ,” ಎಂದಿತು ಬಾಗಿಲ ಬಳಿಯ ಸೈಕಲ್. “ಅವನು ದಿನವಿಡೀ ಮಂಡಿ ಮಡಿಸುವುದು ನನ್ನ ಮೇಲೆ. ನಾಚಪ್ಪಾ, ತೊಟ್ಟು ಇಲ್ಲಿ ಕೂತು ನೋಡು.”

ನಾಚಪ್ಪ ನುಣುಪಿನದನ್ನು ತೊಟ್ಟು ಕೂತ. ಮಂಡಿ ಮಡಿಸಿದೊಡನೆ ಅದು ತೊಡೆಯನ್ನು ಬಿಗಿಹಿಡಿದು ಸೊಂಟದಿಂದ ಜಾರಿತು. ದಪ್ಪ ಪ್ಯಾಂಟಾದರೋ ಕಾಲು ಹೋದತ್ತ ಹೋಯಿತು. ಅದನ್ನೇ ತೊಟ್ಟು ಅವನು ಬೆಟ್ಟಕ್ಕೆ ಹೊರಟ.

“ಹೋಗಿ ಬಾ, ಗೋಣಿಚೀಲವೇ,” ಎಂದು ಕನ್ನಡಿ ನಕ್ಕಿತು.

ಇಳಿಜಾರಿನಲ್ಲಿ ಚಕ್ರ ಜಾರಿತು. ನಾಚಪ್ಪ ಚೂಪುಗಲ್ಲಿನ ಮೇಲೆ ಮಂಡಿಯೂರಿ ಬಿದ್ದ. ಸಂಜೆ ನೆಟ್ಟಗೆ ನಡೆದು ಮನೆಗೆ ಬಂದು ಪ್ಯಾಂಟನ್ನು ಗೂಟಕ್ಕೆ ಹಾಕಿದ. ಅದರ ಮಂಡಿ ಹರಿದಿತ್ತು.

“ಒಂದೇ ದಿನಕ್ಕೆ ತೂತಾದೆಯಲ್ಲ! ಇದೇನಾ ನಿನ್ನ ಗಟ್ಟಿತನ?” ಎಂದಿತು ಕನ್ನಡಿ.

ಪ್ಯಾಂಟು ಮೆಲ್ಲಗೆ ಹೇಳಿತು: “ಇದು ಅವನ ಮಂಡಿಗೆ ಆಗಬೇಕಿದ್ದ ಗಾಯ. ತಡೆದು ನನ್ನಲ್ಲೇ ಇಟ್ಟುಕೊಂಡೆ.”